ಸುಣ್ಣದ ಖಾತೆ

ಬೋರ್ಬಾದಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ
ಜುಲ್ಮೀರಾ. ಅವಳ ಒಂದು ಕಣ್ಣಿಗೆ ಸುಣ್ಣ.
ಇನ್ನೊಂದಕ್ಕೆ ಬೆಣ್ಣೆಯೇನೂ ಸಿಕ್ಕಿರಲಿಲ್ಲ,
ಬರೀ ಬಿಸಿಲು,
ಅಲೆಂತೇಜು ಬಯಲಿನ ಬೆಳ್ಳನೆ ಬಿಸಿಲು.

ಏಪ್ರಿಲ್ ಬಂತೆಂದರೆ ಅಂಗಳದಲ್ಲಿ ಹಂಡೆ.
ಬೆಲಾರ್ಮೀನೋನ ಭಟ್ಟಿಯಿಂದ ಕತ್ತೆಗಾಡಿಯಲ್ಲಿ ಬರುತ್ತಿದ್ದ ಹರಳು:
ಅಮೃತಶಿಲೆಯ ಗಣಿಯವರು ಬೇಡವೆಂದು ಎಸೆದ ಚೂರು
ಏಳು ಹಗಲು ಏಳು ರಾತ್ರಿ ಬೆಂದು
ಹಗುರಾಗಿ, ಬಾಯಾರಿ.

ದೂರ ನಿಲ್ಲಪ್ಪ ಮೇಷ್ಟ್ರೇ, ಎಂದು ನೀರು ಹೊಯ್ಯುತ್ತಿದ್ದಳು.
ಮೊದಲು ಏನೂ ಇಲ್ಲ.
ಆಮೇಲೆ ಕಲ್ಲಿನೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ.
ಆಮೇಲೆ ಬಿರುಕು, ಬುಸ್ಸೆನ್ನುವ ಹಬೆ,
ಕೆಳಗೆ ಒಂದು ಕಡ್ಡಿ ಬೆಂಕಿಯಿಲ್ಲ
ಹಂಡೆ ಮಾತ್ರ ಕೊತಕೊತ.
ಸುಣ್ಣವೂ ಅರಳುತ್ತದೆ;
ಮೂಸಿ ನೋಡಲು ಬಗ್ಗಬೇಡಿ.

ಶಾಲೆಯಲ್ಲಿ ಇದನ್ನೇ ಬರೆಯುತ್ತೇನೆ ನಾನು, ಸೀಮೆಸುಣ್ಣದಲ್ಲಿ.
ಬಾಣದ ಗುರುತು. ಎಂಥಾಲ್ಪಿಯ ವ್ಯತ್ಯಾಸ.
ಋಣ ಚಿಹ್ನೆ, ಪಕ್ಕದಲ್ಲಿ ಅರವತ್ತೈದು.
ಬಿಸಿ ಬಂತಲ್ಲ ಸಾರ್, ಮತ್ತೆ ಮೈನಸ್ ಯಾಕೆ?
ಕೊನೆಯ ಬೆಂಚಿನ ಹುಡುಗ ವರ್ಷಾವರ್ಷ ಕೇಳುತ್ತಾನೆ,
ಹುಡುಗ ಬದಲಾಗುತ್ತಾನೆ, ಬೆಂಚು ಅದೇ.
ನಾನು ವ್ಯವಸ್ಥೆ, ಪರಿಸರ ಎಂದು ಏನೇನೋ ತೊದಲಿ
ಗಂಟೆ ಹೊಡೆಯುವುದನ್ನೇ ಕಾಯುತ್ತೇನೆ.

ಒಮ್ಮೆ ಜುಲ್ಮೀರಾಗೆ ಹೇಳಿದೆ.
ಕೋಲಾಡಿಸುವುದನ್ನು ನಿಲ್ಲಿಸದೆ ಅಂದಳು:
ಯಾರ ಚೀಲದಿಂದ ಎಣಿಸುತ್ತೀಯ, ಅದನ್ನು ನೋಡು.
ನನ್ನ ಮುಖಕ್ಕೆ ಬಡಿದದ್ದು
ಸುಣ್ಣದ ಚೀಲದಿಂದ ಹೋದದ್ದು.
ಹದಿನಾರು ವರ್ಷದ ನನ್ನ ಪಾಠ
ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟಿತು.

ಆ ಸೋಲು ಮರೆತಿರಲಿಲ್ಲ.
ಮೊನ್ನೆ ರಾತ್ರಿ, ಊಟದ ಮೇಜಿನ ಮೇಲೆ
ಬ್ರೆಡ್ಡಿನ ಪುಡಿ ಸರಿಸಿ ಪೂರ್ತಿ ಖಾತೆ ತೆರೆದೆ.

ನೂರು ಗ್ರಾಂ ಕಲ್ಲು ಒಡೆದು
ಇಂಗಾಲದ ಗಾಳಿಯನ್ನು ಕೈಬಿಡಬೇಕಾದರೆ
ನೂರ ಎಪ್ಪತ್ತೆಂಟು ಕಿಲೋಜೂಲ್ ಸಾಲ.
ಕೊಟ್ಟವನು ಬೆಲಾರ್ಮೀನೋ,
ಓಕ್ ಕೊಂಬೆ, ಎಷ್ಟೇವಾ ಪೊದೆಯ ಕಟ್ಟು, ತನ್ನ ನಿದ್ದೆ.
ಅದರಲ್ಲಿ ಅರವತ್ತೈದು ನಿನ್ನ ಹಂಡೆಯಲ್ಲಿ,
ಊರಿಗೆಲ್ಲ ಕೇಳುವಂತೆ ಕೂಗಾಡಿ, ವಾಪಸು.
ಹಲಗೆಯ ಮೇಲೆ ನಾನು ಋಣವೆಂದು ಬರೆಯುವುದು
ಋಣ ತೀರುವ ಸದ್ದನ್ನೇ.
ಉಳಿದ ನೂರ ಹದಿಮೂರು ಮಾತ್ರ
ಗೋಡೆಗೆ ಹತ್ತಿ ಕೂತು,
ಅಂದು ಬಿಟ್ಟ ಗಾಳಿಯನ್ನೇ ಗುಟುಕು ಗುಟುಕಾಗಿ ಒಳಗೆಳೆದು
ಮತ್ತೆ ಕಲ್ಲಾಗುತ್ತ ಆಗುತ್ತ
ತಿಂಗಳುಗಟ್ಟಲೆ, ವರ್ಷಗಟ್ಟಲೆ,
ಪಕ್ಕದಲ್ಲಿ ಮಲಗಿದವರಿಗೂ ತಿಳಿಯದ ಹಾಗೆ.

ಬೆಲಾರ್ಮೀನೋ ಹೋದದ್ದು ನವೆಂಬರಿನಲ್ಲಿ.
ಭಟ್ಟಿಯ ಬಾಯಿಗೆ ತಗಡು ಮುಚ್ಚಿದ್ದಾರೆ.

ಅವಳು ಎದ್ದು ಹೋಗಿ
ಹಿತ್ತಿಲ ಗೋಡೆಗೆ ಅಂಗೈ ಇಟ್ಟಳು.
ಆಮೇಲೆ ಕೆನ್ನೆ, ಕುರುಡು ಕಣ್ಣಿನ ಕಡೆಯದು.
ತಣ್ಣಗಿದೆ, ಅಂದಳು.
ಗೊತ್ತಾಗುವಷ್ಟು ಇರುವುದಿಲ್ಲ, ಅಂದೆ. ಬರುತ್ತಲೇ ಇದೆ.
ತಣ್ಣಗಿದೆ, ಅಂದಳು.
ಕೆನ್ನೆ ತೆಗೆಯಲಿಲ್ಲ.

ಕೂಡಿಸಿ ತೋರಿಸಿದೆ.
ಅರವತ್ತೈದಕ್ಕೆ ನೂರ ಹದಿಮೂರು: ನೂರ ಎಪ್ಪತ್ತೆಂಟು.
ಹೊರಟದ್ದು ಕಲ್ಲು, ತಲುಪಿದ್ದೂ ಕಲ್ಲು,
ನಡುವೆ ಯಾವ ದಾರಿ ಹಿಡಿದರೂ ಮೊತ್ತ ಕದಲುವುದಿಲ್ಲ.
ನಿಯಮಗಳಲ್ಲಿ ನನಗೆ ತೀರ ಇಷ್ಟವಾದದ್ದು ಇದು,
ಹೇಳುವಾಗ ದನಿ ಸ್ವಲ್ಪ ಏರಿತ್ತೋ ಏನೋ.

ಕೊನೆಗೆ ಸೊನ್ನೆಯೋ?
ಸೊನ್ನೆ.

ಪುಡಿಯನ್ನು ಅಂಗೈಗೆ ಬಳಿದುಕೊಂಡು
ನಾಳೆ ಕೋಳಿಗಾಯಿತೆಂದು ತಟ್ಟೆಗೆ ಸುರಿದಳು.
ನನಗೆ ಹತ್ತೊಂಬತ್ತು, ಅಂದಳು.
ಹಂಡೆಯಿಂದ ಒಂದು ಹನಿ ಹಾರಿತು, ಒಂದೇ.
ಅದನ್ನು ಯಾವ ಸಾಲಿನಲ್ಲಿ ಬರೆದೆ?

ಮೂರೂ ಸಾಲು ಮತ್ತೆ ಓದಿದೆ.
ಕಲ್ಲಿತ್ತು, ಗಾಳಿಯಿತ್ತು, ನೀರಿತ್ತು.
ಪೆನ್ಸಿಲ್ ಇನ್ನೂ ಕೈಯಲ್ಲೇ ಇತ್ತು.

ಏಪ್ರಿಲ್ ಬಂದೇಬಿಟ್ಟಿತು, ಅಂದಳು ದೀಪ ಆರಿಸುತ್ತ,
ಈ ಸಲ ಹರಳನ್ನು ಎಸ್ತ್ರೆಮೋಜ್‌ನಿಂದ ತರಿಸಬೇಕು.
ಚೀಲಕ್ಕೆ ಎಷ್ಟು ಕೇಳುತ್ತಾರೋ.